ನಿಮಗಿದು ಗೊತ್ತೆ? ಎಳೆಗೂಸಿನ ನೆತ್ತಿಯ ಊತ
ಮೂರು ಕಿಲೋ ತೂಗುವ ನವಜಾತ ಶಿಶುವಿನ ದೇಹದಲ್ಲಿ ಹರಿಯುವ ಸಮಸ್ತ ರಕ್ತವೂ ಸುಮಾರು 250 ಮಿಲಿಲೀಟರು ಮಾತ್ರ. ಅದರ ಬಹುಭಾಗವನ್ನು ಒಳಗೊಳ್ಳುವಷ್ಟು ಅವಕಾಶವು ಆ ಶಿಶುವಿನ ನೆತ್ತಿಯ ಚರ್ಮದಡಿಯಲ್ಲಿಯೇ ಉಂಟು!

1950ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಮಾಲ್ಮ್‌ಸ್ಟ್ರೋಮ್ ರೂಪಿಸಿದಂಥ ವ್ಯಾಕ್ಯೂಮ್ ಬಟ್ಟಲನ್ನು ತಲೆಗೆ ಹಚ್ಚಿ ಹೆರಿಗೆ ಮಾಡಿಸಿದಾಗ ಮೂಡುವ ರಕ್ತದ ಊತವು ಕಪಾಲದ ಒಂದೇ ಮೂಳೆಯ ಎಲ್ಲೆಯೊಳಗೆ ನಿಂತರೆ, ಕಾಮಾಲೆಯ ಮೇಲೆ ಕಣ್ಣಿಟ್ಟಿರಬೇಕಾದರೂ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಕರಗುವುದು. ಆದರೆ ಮೆತ್ತಗೆ ತುಳುಕುತ್ತ ಕಿವಿಯ ಹಿಂದಕ್ಕೂ ಕತ್ತಿನತ್ತಲೂ ಹರಡುವ ಊತವು, ವಿರಳವಾದರೂ, ಪ್ರಾಣಾಂತಿಕವಾದ ರಕ್ತಸ್ರಾವದ ಲಕ್ಷಣ.

ಭಿವಂಡಿ, ಕಲ್ಯಾಣಗಳ ಬಾಣಂತಿಮನೆಗಳಲ್ಲಿ ಅಂಥ ಊತದೊಡನೆ ಕೂಸು ಬಿಳಿಚಿಕೊಂಡರೆ, ಹಾಲು ಕುಡಿಯದೆ ಮಂಕಾದರೆ, ಮನೆಮದ್ದಿಗೆ ಕಾಯದೆ ಒಡನೆಯೇ 108ಕ್ಕೆ ಕರೆಮಾಡತಕ್ಕದ್ದು.