ಇರೋದು ಕರೀ ಪುಡಿ ಒಂದೇ, ಬೂದು ಬಣ್ಣ ಎಲ್ಲಿಂದ ಬಂತು?

ಬನಹಟ್ಟಿಯಿಂದ ಮಾತಾಡಾಕತ್ತೀನಿ. ಹಿಂದ ಮಗ್ಗದ ಸಪ್ಪಳ ಕೇಳಿಸಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ಇವತ್ತಿನ ವಿಷಯಕ್ಕೂ ಅದಕ್ಕೂ ಸಂಬಂಧ ಐತಿ.

ಹೋದ ತಿಂಗಳ ನಮ್ಮ ಆಯಿಯ ಪಿಂಚಣಿ ಅರ್ಜಿ ವಾಪಸ್ ಬಂತು. ಕಾರಣ? ಆಧಾರ್ ಝೆರಾಕ್ಸ್‌ನ್ಯಾಗ ಮುಖಾನೇ ಕಾಣವಲ್ದು, ಮಸಿ ಬಳದಂಗ ಆಗೇತಿ. ಆಯಿ ಅದನ್ನ ನೋಡಿ, "ಇದು ನಾನಲ್ಲ ಬಿಡೋ ತಮ್ಮಾ" ಅಂದ್ಲು. ತಪ್ಪು ನಮ್ದೇ. ಒರಿಜಿನಲ್ ಕಾರ್ಡ್ ಮನ್ಯಾಗ ಬಿಟ್ಟು, ಹಳೇ ಝೆರಾಕ್ಸಿಗೇ ಇನ್ನೊಂದು ಝೆರಾಕ್ಸ್ ತೆಗೆಸಿದ್ವಿ. ಆದ್ರ ಅಕ್ಷರ ಎಲ್ಲಾ ಸರಿಯಾಗಿ ಬಂದು, ಫೋಟೋ ಮಾತ್ರ ಯಾಕ ಕೆಡ್ತು? ನಾನು ಬಿ.ಕಾಂ. ಮಾಡಿದಾವ, ಮಷೀನಿನ ವಿದ್ಯೆ ನಂದಲ್ಲ. ಓದಿ ತಿಳ್ಕೊಂಡಿದ್ದನ್ನ ಹೇಳ್ತೀನಿ.

ಕಪ್ಪು-ಬಿಳುಪಿನ ಲೇಸರ್ ಪ್ರಿಂಟರ್‌ನಲ್ಲಿ ಬೂದು ಬಣ್ಣ ಇರೋದೇ ಇಲ್ಲ. ಇರೋದು ಟೋನರ್ ಅನ್ನೋ ಕರೀ ಪುಡಿ ಒಂದೇ. ಒಳಗೆ ಡ್ರಮ್ ಅನ್ನೋ ಉರುಳೆ ಇರುತ್ತದೆ. ಲೇಸರ್ ಬೆಳಕು ಬಿದ್ದಲ್ಲಿ ಅದರ ವಿದ್ಯುತ್ ಚಾರ್ಜ್ ಬದಲಾಗುತ್ತದೆ, ಆ ಜಾಗಕ್ಕೆ ಪುಡಿ ಅಂಟುತ್ತದೆ. ಆಮೇಲೆ ಪುಡಿ ಕಾಗದಕ್ಕೆ ಇಳಿದು, ಬಿಸಿ ರೋಲರ್ ನಡುವೆ ಕರಗಿ ಕೂಡುತ್ತದೆ. ಅಂದ್ರ ಒಂದು ಜಾಗದಾಗ ಕಪ್ಪು ಚುಕ್ಕಿ ಬಿತ್ತು, ಇಲ್ಲಾ ಕಾಗದದ ಬಿಳುಪು ಉಳೀತು. ಲೆಕ್ಕ ಅಷ್ಟ.

ಹಂಗಾದ್ರ ಬೂದು ಹೆಂಗ ಕಾಣ್ತೈತಿ? ಮಗ್ಗದ ಹತ್ರ ಬರ್ರಿ. ಹಾಸಿಗೆ ಬಿಳಿ ನೂಲು, ಹೊಕ್ಕಿಗೆ ಕರೀ ನೂಲು ಹಾಕಿ ನೇಯ್ರಿ. ಹತ್ತಿರದಿಂದ ನೋಡಿದ್ರ ಕರೀ ಎಳಿ, ಬಿಳಿ ಎಳಿ ಬ್ಯಾರೆ ಬ್ಯಾರೆ. ನಾಲ್ಕು ಹೆಜ್ಜಿ ಹಿಂದ ಸರದ್ರ ಬಟ್ಟಿ ಬೂದು. ಬೂದು ಬಣ್ಣದ ನೂಲು ಒಂದೂ ಇಲ್ಲ. ಎರಡನ್ನೂ ಬೆರೆಸಿದ್ದು ನಮ್ಮ ಕಣ್ಣು.

ಪ್ರಿಂಟರ್ ಮಾಡೋದೂ ಇದನ್ನೇ. ಇದಕ್ಕೆ ಹಾಫ್‌ಟೋನ್ ಅಂತಾರೆ. ಒಂದು ಇಂಚಿನಲ್ಲಿ 600 ಚುಕ್ಕಿ ಇಡೋ ಪ್ರಿಂಟರ್ ಅಂತ ತಿಳ್ಕೊಳ್ರಿ. ಉದ್ದಕ್ಕೆ 8, ಅಡ್ಡಕ್ಕೆ 8 ಚುಕ್ಕಿ ಹಿಡಿಯೋ ಒಂದೊಂದು ಪುಟ್ಟ ಮನಿ ಮಾಡಿದ್ರ, ಅದರಾಗ 64 ಜಾಗ. 16 ತುಂಬಿದ್ರ ತಿಳಿ ಬೂದು, 48 ತುಂಬಿದ್ರ ಗಾಢ ಬೂದು. ಖಾಲಿ ಮನಿಯಿಂದ ಪೂರಾ ತುಂಬಿದ ಮನಿತನಕ ಒಟ್ಟು 65 ಛಾಯೆ.

ಆದ್ರ ಇದಕ್ಕ ಬೆಲಿ ಕೊಡ್ಬೇಕು. 600ನ್ನ 8ರಿಂದ ಭಾಗಿಸಿದ್ರ ಇಂಚಿಗೆ 75 ಮನಿ ಅಷ್ಟ ಸಿಗ್ತಾವು. ಛಾಯೆ ಹೆಚ್ಚು ಬೇಕಂತ ಮನಿ ದೊಡ್ಡದು ಮಾಡಿದ್ರ, ಮನಿಗಳ ಸಂಖ್ಯೆ ಇಳೀತೈತಿ, ಚಿತ್ರ ಒರಟಾಗ್ತೈತಿ. ಒಂದು ಇಂಚು ಅಗಲದ ಫೋಟೋದಾಗ ಕಣ್ಣು, ಮೂಗು, ತಲಿಮ್ಯಾಲಿನ ಸೆರಗು ಎಲ್ಲಾ ಆ 75 ಮನಿಯೊಳಗ ಕುಂದರ್ಬೇಕು.

ಆಯಿಯ ಮುಖ ಕೆಟ್ಟಿದ್ದು ಇಲ್ಲೇ. ಝೆರಾಕ್ಸ್ ಮಷೀನಿಗೆ ಮುಖ ಗೊತ್ತಿಲ್ಲ, ಚುಕ್ಕಿ ಗೊತ್ತು. ಹಳೇ ಪ್ರತಿಯ ಸಣ್ಣ ಚುಕ್ಕಿ ಅದಕ್ಕೆ ಕಾಣದೇ ಮಾಯ ಆಗ್ತಾವು, ಒತ್ತೊತ್ತಾಗಿ ಇದ್ದವು ಒಂದಕ್ಕೊಂದು ಕೂಡಿ ಗಡ್ಡಿ ಆಗ್ತಾವು. ನಡುವಿನ ಬೂದು ಹೋಗಿ ಕಪ್ಪು ಮತ್ತು ಬಿಳಿ ಎರಡ ಉಳೀತಾವು. ಅಕ್ಷರಕ್ಕೆ ಬೇಕಾಗಿದ್ದು ಅಷ್ಟ, ಅದಕ್ಕ ಅಕ್ಷರ ಉಳದವು.

ಇನ್ನೊಂದು ಮಜಾ ಐತಿ. ಪ್ರಿಂಟಿಗೂ ಬಟ್ಟಿಗೂ ಇರೋ ನಂಟು ನಾನು ಕಟ್ಟಿದ್ದಲ್ಲ. 1852ರಲ್ಲೇ ಇಂಗ್ಲೆಂಡಿನ ಟಾಲ್ಬಟ್, ಫೋಟೋವನ್ನ ಅಚ್ಚು ಹಾಕೋಕೆ ನಡುವೆ ತೆಳು ಜಾಲರಿ ಬಟ್ಟೆ ಇಟ್ಟು ಛಾಯೆಯನ್ನ ಒಡೆಯೋ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಲೇಸರ್ ಪ್ರಿಂಟರ್‌ನ ಹಿಂದಿರೋ ಗ್ಯಾರಿ ಸ್ಟಾರ್ಕ್‌ವೆದರ್ ಅಮೆರಿಕದ ಝೆರಾಕ್ಸ್ ಕಂಪನಿಯಲ್ಲಿ ಆ ಕೆಲಸ ಶುರು ಮಾಡಿದ್ದು 1960ರ ದಶಕದ ಕೊನೆಗೆ. ಬಟ್ಟೆ ಹೋಗಿ ಲೆಕ್ಕ ಬಂತು, ಉಪಾಯ ಮಾತ್ರ ಅದೇ.

ಈಗ ನಿಮ್ಮ ಕೆಲಸಕ್ಕೆ ಬರೋ ಮಾತು. ಝೆರಾಕ್ಸಿನ ಝೆರಾಕ್ಸ್ ತೆಗೆಸಬ್ಯಾಡ್ರಿ. ಒರಿಜಿನಲ್ ಕಾರ್ಡ್ ಒಯ್ರಿ, ಇಲ್ಲಾ ಮೊಬೈಲ್‌ನ್ಯಾಗಿನ ಆಧಾರ್ ಪಿಡಿಎಫ್‌ನಿಂದಲೇ ಪ್ರಿಂಟ್ ತಗೋರಿ. ಅಂಗಡಿಯಣ್ಣನಿಗೆ "ಫೋಟೋ ಮೋಡ್ ಹಾಕ್ರಿ, ಸ್ವಲ್ಪ ತಿಳಿ ಮಾಡ್ರಿ" ಅನ್ರಿ. ಪ್ರಿಂಟ್‌ನ್ಯಾಗ ಚುಕ್ಕಿ ಸ್ವಲ್ಪ ಹರಡಿ ಕಪ್ಪು ಹೆಚ್ಚಾಗ್ತೈತಿ, ಅದಕ್ಕ ತಿಳಿ ಮಾಡ್ಸೋದು ಚಲೋ.

ನಾವೂ ಹಂಗ ಮಾಡಿ ಅರ್ಜಿ ಮತ್ತೊಮ್ಮೆ ಕೊಟ್ಟೀವಿ. ಈ ಸಲ ಆಯಿ ಪ್ರತಿ ನೋಡಿ, ಮೂಗುಬಟ್ಟು ಸುದ್ದಾ ಕಾಣ್ತೈತಿ ಅಂದ್ಲು. ಮಂಜೂರಾತೋ ಇಲ್ಲೋ, ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಬರ್ತೀನ್ರಿ.