ಪ್ರಿಂಟರ್ ಕಾಣಿಸ್ತಿಲ್ವಾ? ಕಂಪ್ಯೂಟರ್ ಆಫ್ ಮಾಡಬೇಡಿ



ಒಕ್ಕೂಟದ ತಿಂಗಳ ಸಭೆ. ಕೆಸರೆ, ಗಾಂಧಿನಗರ, ಬನ್ನಿಮಂಟಪದ ಸಂಘಗಳ ಪ್ರತಿನಿಧಿಗಳು ಬಂದು ಕೂತಿದ್ದಾರೆ ಅಂದುಕೊಳ್ಳಿ. ಲೆಕ್ಕ ಬರೆಯುವವರು ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ್ದಾರೆ. ಪ್ರಿಂಟರ್ ವೈರು ಚುಚ್ಚಿದರೆ ಏನೂ ಆಗುವುದಿಲ್ಲ. "ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ" ಅಂತ ಹಿಂದಿನಿಂದ ಯಾರಾದರೂ ಹೇಳೇ ಹೇಳ್ತಾರೆ. ಸೇವ್ ಮಾಡದೆ ಆಫ್ ಮಾಡಿದರೆ ಅಷ್ಟೂ ಬರೆದದ್ದು ಹೋದಂತೆಯೇ. ಮತ್ತೆ ಪಾಸ್‌ಬುಕ್ ರಾಶಿ ಹಾಕಿಕೊಂಡು ಮೊದಲಿನಿಂದ ಕೂರಬೇಕು.

ಒಂದು ಕಾಲಕ್ಕೆ ಆ ಮಾತು ಸರಿಯೇ ಇತ್ತು. 25 ಪಿನ್ನಿನ ಅಗಲ ಪ್ಲಗ್ಗಿನ ಹಳೆ ಪ್ರಿಂಟರನ್ನು ಕಂಪ್ಯೂಟರ್ ಸಾಮಾನ್ಯವಾಗಿ ಆನ್ ಆಗುವಾಗಲೇ ಗುರುತಿಸುತ್ತಿತ್ತು. 1996ರಲ್ಲಿ ಯುಎಸ್‌ಬಿ ಬಂತು. ಇದನ್ನು ರೂಪಿಸಿದವರಲ್ಲಿ ಭಾರತದಲ್ಲೇ ಹುಟ್ಟಿದ, ಇಂಟೆಲ್ ಕಂಪನಿಯ ಅಜಯ್ ಭಟ್ ಒಬ್ಬರು. ಹಳೆ ಪೆನ್‌ಡ್ರೈವ್ ಬಾಯೊಳಗೆ ಒಮ್ಮೆ ನೋಡಿ: ನಾಲ್ಕು ಪಟ್ಟಿಗಳಲ್ಲಿ ಅಂಚಿನ ಎರಡು ತುಸು ಉದ್ದ. ಅವು ಕರೆಂಟಿನವು. ಮೊದಲು ಕರೆಂಟ್ ತಾಗಬೇಕು, ಆಮೇಲೆ ಮಾಹಿತಿ ಹೋಗುವ ಪಟ್ಟಿ ತಾಗಬೇಕು ಅಂತ ಹಾಗೆ ಮಾಡಿದ್ದಾರೆ. ಅಂದರೆ ಕಂಪ್ಯೂಟರ್ ನಡೆಯುತ್ತಿರುವಾಗಲೇ ಚುಚ್ಚಲೆಂದು ಮಾಡಿದ ವಸ್ತು ಇದು.

ಹಾಗಾದ್ರೆ ಯಾಕೆ ಕಾಣಿಸಲ್ಲ? ನೆಂಟರು ಬಾಗಿಲಲ್ಲಿ ನಿಂತಿದ್ದಾರೆ, ಒಳಗಿದ್ದವರಿಗೆ ಕೇಳಿಸಿಲ್ಲ, ಅಷ್ಟೆ. ಅದಕ್ಕೆ ಮನೆಮಂದಿಯನ್ನೆಲ್ಲ ಮಲಗಿಸಿ ಮತ್ತೆ ಎಬ್ಬಿಸಬೇಕಾಗಿಲ್ಲ. ಹೋಗಿ ಬಾಗಿಲು ನೋಡಿ ಅಂದರೆ ಸಾಕು.

ಮೊದಲು ಕಂಟ್ರೋಲ್ ಮತ್ತು ಎಸ್ ಒತ್ತಿ ಲೆಕ್ಕ ಸೇವ್ ಮಾಡಿ. ಪ್ರಿಂಟರಿನ ಸ್ವಿಚ್ ಹಾಕಿದೆಯಾ ನೋಡಿ (ನಗಬೇಡಿ, ಬಹಳ ಸಲ ಇಷ್ಟೇ ಆಗಿರುತ್ತದೆ). ವೈರು ತೆಗೆದು ಬೇರೆ ತೂತಿಗೆ ಚುಚ್ಚಿ. ಆಗಲೂ ಇಲ್ಲವೆಂದರೆ ವಿಂಡೋಸ್ 10 ಅಥವಾ 11ರಲ್ಲಿ ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗಡೆ ಒತ್ತಿ, 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಮೇಲಿರುವ 'ಆ್ಯಕ್ಷನ್' ಒತ್ತಿದರೆ 'ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್' ಅಂತ ಬರುತ್ತದೆ. ಅದನ್ನು ಒತ್ತಿ. ಕಂಪ್ಯೂಟರ್ ತನಗೆ ಏನೇನು ಅಂಟಿಕೊಂಡಿದೆ ಅಂತ ಹೊಸದಾಗಿ ಹುಡುಕುತ್ತದೆ.

ಪಟ್ಟಿಯಲ್ಲಿ ಹಳದಿ ಗುರುತು ಕಂಡರೆ ನೆಂಟರು ಯಾರೆಂದು ಗೊತ್ತಾಗಿದೆ, ಭಾಷೆ ಗೊತ್ತಾಗಿಲ್ಲ ಅನ್ನಿ. ಆ ಭಾಷೆ ಕಲಿಸುವ ಸಾಫ್ಟ್‌ವೇರಿಗೇ ಡ್ರೈವರ್ ಅನ್ನುವುದು. ಪ್ರಿಂಟರ್ ಕಂಪನಿಯ ವೆಬ್‌ಸೈಟಿನಿಂದಲೇ ಅದನ್ನು ಹಾಕಿಸಿ. ಎಲ್ಲೆಲ್ಲಿಂದಲೋ ತಂದು ಹಾಕಬೇಡಿ, ವೈರಸ್ ಬರುತ್ತದೆ.

ಪೆನ್‌ಡ್ರೈವ್ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ. ಚುಚ್ಚಿದ ಕೂಡಲೇ 'ಫಾರ್ಮ್ಯಾಟ್ ಮಾಡಬೇಕು' ಅಂತ ಇಂಗ್ಲಿಷಿನಲ್ಲಿ ಬಂದರೆ ಗಾಬರಿಯಿಂದ ಒಪ್ಪಿಗೆ ಒತ್ತಬೇಡಿ. ಒಳಗಿರುವ ಲೆಕ್ಕ ಅಳಿಸಿಹೋಗುತ್ತದೆ. 'ಕ್ಯಾನ್ಸಲ್' ಒತ್ತಿ, ತಿಳಿದವರಿಗೆ ತೋರಿಸಿ.

ಇನ್ನೂ ಹಳೆಯ ದುಂಡು ಪಿನ್ನಿನ ಕೀಬೋರ್ಡ್ ಇಟ್ಟುಕೊಂಡವರಿಗೆ ಬೇರೆ ದಾರಿಯಿಲ್ಲ. ಅದರ ವೈರು ಕಳಚಿದರೆ ಮೌಸಿನಿಂದಲೇ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ, ಚುಚ್ಚಿ, ಆಮೇಲೆ ಆನ್ ಮಾಡಿ.