ಯಂತ್ರದ ಹಿಂದಿನ ಕಾಯಕ



ಅರ್ಬುದ ರೋಗಿಗಳಿಗೆ ‘ಕರೆಂಟು ಕೊಡಿಸುವುದು’ ಎಂದು ನಮ್ಮ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಜನರು ಕರೆಯುವ ಚಿಕಿತ್ಸೆಯು ವಿದ್ಯುತ್ತಿನದಲ್ಲ, ವಿಕಿರಣದ್ದು. ಅದಕ್ಕಾಗಿ ಬೆಳಗಾವಿ, ಹುಬ್ಬಳ್ಳಿ, ಮೀರಜ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿಬಂದವರು ವೈದ್ಯರನ್ನೂ ಯಂತ್ರವನ್ನೂ ಸ್ಮರಿಸುತ್ತಾರೆ. ಇವೆರಡರ ನಡುವೆ ನಿಂತು ದುಡಿಯುವ ಮತ್ತೊಬ್ಬರ ಪರಿಚಯ ಮಾತ್ರ ಬಹುತೇಕರಿಗೆ ಇರುವುದಿಲ್ಲ. ಅವರೇ ವೈದ್ಯಕೀಯ ಭೌತವಿಜ್ಞಾನಿ.

ಆಯುರ್ವೇದದಲ್ಲಿ ನಾವು ಮಾತ್ರೆಗೆ, ಅಂದರೆ ಔಷಧದ ಪ್ರಮಾಣಕ್ಕೆ, ಬಹಳ ಮಹತ್ವ ಕೊಡುತ್ತೇವೆ. ವತ್ಸನಾಭಿಯನ್ನು ಶೋಧಿಸಿ ತೂಗಿ ಕೊಟ್ಟರೆ ಔಷಧ. ತೂಕ ತಪ್ಪಿದರೆ ವಿಷ. ವಿಕಿರಣವೂ ಹಾಗೆಯೇ. ಎಷ್ಟು ವಿಕಿರಣ ಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಅಷ್ಟೇ ಪ್ರಮಾಣವು ಗಂಟಿಗೆ ತಲುಪಿ, ಪಕ್ಕದ ಅಂಗಗಳು ಆದಷ್ಟು ಉಳಿಯುವಂತೆ ಯೋಜಿಸಿ, ಯಂತ್ರವನ್ನು ಅಳೆದು ಖಚಿತಪಡಿಸುವುದು ಭೌತವಿಜ್ಞಾನಿಯ ಕೆಲಸ. ಉದಾಹರಣೆಗೆ, ಕೋಬಾಲ್ಟ್-60 ಆಕರದ ಶಕ್ತಿಯು ತಿಂಗಳಿಗೆ ಸುಮಾರು ಶೇ. 1ರಷ್ಟು ಕುಂದುತ್ತದೆ, 5 ವರ್ಷ ಕಳೆದು ಕೆಲವು ತಿಂಗಳಾಗುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕವನ್ನು ಕಾಲಕಾಲಕ್ಕೆ ತಿದ್ದದಿದ್ದರೆ ರೋಗಿಗೆ ದೊರೆಯುವ ಮಾತ್ರೆ ಕಡಿಮೆಯಾಗಿ, ರೋಗವು ಉಳಿದುಬಿಡಬಹುದು.

ಲೆಕ್ಕ ತಪ್ಪಿದರೆ ಏನಾಗುತ್ತದೆ? 1988ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ನಗರದಲ್ಲಿ ಹೊಸ ಕೋಬಾಲ್ಟ್ ಆಕರವನ್ನು ಅಳೆಯುವಾಗ ಆದ ಒಂದೇ ತಪ್ಪಿನಿಂದ 207 ರೋಗಿಗಳಿಗೆ ಸುಮಾರು ಶೇ. 25ರಷ್ಟು ಹೆಚ್ಚು ವಿಕಿರಣ ಬಿದ್ದಿತು. ಆ ಅಳತೆಯನ್ನು ಎರಡನೆಯವರು ಸ್ವತಂತ್ರವಾಗಿ ಪರಿಶೀಲಿಸಿರಲಿಲ್ಲ. ಎಷ್ಟೇ ನಿಷ್ಠಾವಂತರಾದರೂ ಒಬ್ಬರೇ ದುಡಿಯುವಲ್ಲಿ ಅವರ ತಪ್ಪು ಅವರ ಕಣ್ಣಿಗೇ ಬೀಳದೆ ಹೋಗಬಹುದು. ಆದ್ದರಿಂದ ಸಿಬ್ಬಂದಿಯ ಸಂಖ್ಯೆಯು ಕೇವಲ ಆಡಳಿತದ ವಿಷಯವಲ್ಲ, ರೋಗಿಯ ಪ್ರಾಣದ ವಿಷಯ.

ನಮ್ಮ ದೇಶದಲ್ಲಿ ಇದರ ಮೇಲ್ವಿಚಾರಣೆಯನ್ನು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ನೋಡಿಕೊಳ್ಳುತ್ತದೆ. 2004ರ ವಿಕಿರಣ ಸಂರಕ್ಷಣಾ ನಿಯಮಗಳ ಪ್ರಕಾರ ವಿಕಿರಣ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯ. ಚಿಕಿತ್ಸಾ ವಿಭಾಗಗಳಲ್ಲಿ ಈ ಹೊಣೆಯನ್ನು ಸಾಮಾನ್ಯವಾಗಿ ಭೌತವಿಜ್ಞಾನಿಯೇ ಹೊರುತ್ತಾರೆ. ಸಿಬ್ಬಂದಿಯ ಎದೆಯ ಮೇಲಿನ ಬಿಲ್ಲೆಗಳ ಲೆಕ್ಕ, ಕೊಠಡಿಯ ಗೋಡೆಗಳಾಚೆಯ ವಿಕಿರಣದ ಅಳತೆ ಇವೆಲ್ಲ ಅವರ ಪಾಲಿಗೇ ಬರುತ್ತವೆ. ಯಂತ್ರಗಳನ್ನು ಎಣಿಸಿದರೆ ಸಾಲದು, ನಡೆಯುವ ಪ್ರತಿಯೊಂದು ಕೆಲಸದ ಹೊತ್ತನ್ನು ಲೆಕ್ಕಹಾಕಿ ಸಿಬ್ಬಂದಿಯನ್ನು ನಿಗದಿಪಡಿಸಬೇಕೆಂಬ ಕ್ರಮವನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2015ರಲ್ಲಿ ಪ್ರಕಟಿಸಿದೆ.

ಭೌತವಿಜ್ಞಾನಿಯು ದಿಢೀರನೆ ಸಿದ್ಧರಾಗುವವರಲ್ಲ. ಎಂ.ಎಸ್ಸಿ. ಭೌತಶಾಸ್ತ್ರ, ಬಳಿಕ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ, ಅದರ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿ ಬೇಕು. ಭೌತಶಾಸ್ತ್ರ ಓದುತ್ತಿರುವ ನಮ್ಮ ಊರಿನ ಮಕ್ಕಳು ಈ ದಾರಿಯನ್ನೂ ನೋಡಲಿ ಎಂಬುದು ನಮ್ಮ ಆಸೆ.

ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟು. ಚಿಕಿತ್ಸೆಯ ಯೋಜನೆಗೆ ಕೆಲವು ದಿನ ಹಿಡಿದರೆ ಆಸ್ಪತ್ರೆಯವರ ಮೇಲೆ ಸಿಟ್ಟಾಗಬೇಡಿ; ಆ ದಿನಗಳು ನಿಮ್ಮ ಲೆಕ್ಕವನ್ನು ಸರಿಪಡಿಸಿಕೊಳ್ಳುವ ದಿನಗಳು. ಚಿಕಿತ್ಸೆ ಆರಂಭವಾದ ಮೇಲೆ ಸುಗ್ಗಿ, ಜಾತ್ರೆಗಳ ನೆಪದಲ್ಲಿ ನಡುವೆ ಬಿಡಬೇಡಿ. “ನಮ್ಮ ಲೆಕ್ಕವನ್ನು ಎರಡನೆಯವರು ನೋಡಿದ್ದಾರೆಯೇ?” ಎಂದು ವಿನಯದಿಂದ ಕೇಳಲು ಸಂಕೋಚ ಬೇಡ.

ಆಸ್ಪತ್ರೆಗೆ ದಾನ ನೀಡುವ ದಾಸೋಹಿಗಳಿಗೂ ಒಂದು ಮಾತು. ಯಂತ್ರಕ್ಕೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಅದನ್ನು ಪ್ರತಿದಿನ ಅಳೆಯುವವರ ಸಂಬಳಕ್ಕೆ ಕೊಟ್ಟವರ ಹೆಸರು ಎಲ್ಲಿಯೂ ಕಾಣದು. ಆದರೆ ಆ ದಾನವಿಲ್ಲದೆ ಮೊದಲಿನ ದಾನವು ಪೂರ್ಣವಾಗದು.